ಕೆಸರು ಮೆಟ್ಟದ ಕಾಲು

ಕಾಲ್ಬೆರಳ ಸಂದಿಯ ಹುಣ್ಣು ಕೂಡ ಬರೆಯುವಂಥ ವಿಷಯವೇ ಎಂದು ಕೇಳುವವರು ಕೇಳಲಿ. ಪ್ಲೇಗು ಬಂದು ಊರಿಗೆ ಊರೇ ಗುಡಿಸಲು ಹಾಕಿಕೊಂಡು ಹೊರಗೆ ಕೂತಿದ್ದನ್ನು ಕಂಡವರ ಮುಂದೆ ಇದು ಯಾವ ಲೆಕ್ಕ? ಆದರೆ ಒಂದೂವರೆ ವರ್ಷ ಈ ಹುಣ್ಣನ್ನು ಬಚ್ಚಿಟ್ಟುಕೊಂಡು ತಿರುಗಿದವನು ನಾನು. ನನ್ನಂತೆ ಮನೆಮನೆಗೆ ಹೋಗಿ ಪಾದ ತೊಳೆಸಿಕೊಳ್ಳುವ ಅಯ್ಯಗಳು ಈ ಸೀಮೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಇವತ್ತು ಬಾಗಿಲು ಹಾಕಿಕೊಂಡು ಬೆರಳು ಬಿಡಿಸಿ ನೋಡಿಕೊಳ್ಳುತ್ತಿದ್ದರೆ ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಶಿವನಿ ಸ್ಟೇಷನ್ನಿಗೆ ಎರಡು ಮೈಲಿ ದೂರದ ಸಣ್ಣ ಊರಿನ ಮನೆಮಠ. ಅಪ್ಪ ತೀರಿಕೊಂಡಾಗ ನನಗೆ ಇಪ್ಪತ್ತಮೂರು. ಅವರ ಜೋಳಿಗೆ, ಬೆತ್ತ, ಭಕ್ತರ ಮನೆಗಳು ಎಲ್ಲ ನನ್ನ ಪಾಲಿಗೆ ಬಂದವು. ಅಯ್ಯ ಮನೆಗೆ ಬಂದರೆ ಮಣೆ ಹಾಕಿ ಕೂರಿಸುತ್ತಾರೆ. ಮನೆಯ ಯಜಮಾನ ಪಾದ ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟು, ಮತ್ತೆ ಹೆಬ್ಬೆರಳ ಮೇಲೆ ನೀರು ಬಿಡುತ್ತಾನೆ. ಆ ನೀರೇ ಪಾದೋದಕ. ಮನೆಮಂದಿಯೆಲ್ಲ ಅದನ್ನು ಅಂಗೈಯಲ್ಲಿ ತೆಗೆದುಕೊಂಡ ಮೇಲೆಯೇ ಊಟ. ಸೋಮವಾರ ಹನ್ನೊಂದು ಮನೆ, ಶ್ರಾವಣದಲ್ಲಿ ಅದರ ಎರಡರಷ್ಟು. ಪೂಜೆ ಮಾಡಿದ ಪಾದವನ್ನು ಬಟ್ಟೆಯಿಂದ ಒರೆಸುವುದು ನಮ್ಮ ಮನೆಗಳಲ್ಲಿ ಇರಲಿಲ್ಲ, ಅದು ತಾನಾಗಿ ಆರಬೇಕು. ಆರುವುದರೊಳಗೆ ಮುಂದಿನ ಮನೆಯವರು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು.

ಮೊದಲು ಬಲಗಾಲ ಕಿರುಬೆರಳ ಸಂದಿಯಲ್ಲಿ ತುರಿಕೆ. ಆಮೇಲೆ ಚರ್ಮ ನೆನೆದು ಬೆಳ್ಳಗಾಗಿ, ಬಿರಿದು, ಒಳಗೆ ಕೆಂಪಗೆ ಕಾಣತೊಡಗಿತು. ಒಂದು ವಾಸನೆಯೂ ಬರುತ್ತಿತ್ತು. ಕೆಸರುಹುಣ್ಣು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಕೆರೆ ಕೆಳಗೆ ನಾಟಿ ಮಾಡುವವರಿಗೆ ಮಳೆಗಾಲದಲ್ಲಿ ಬರುತ್ತದೆ. ಮದರಂಗಿ ಸೊಪ್ಪು ಅರೆದು ಮೆತ್ತುತ್ತಾರೆ, ಕೆಲಸ ಮುಗಿದು ಕಾಲು ಒಣಗಿದರೆ ಹೋಗುತ್ತದೆ. ಆದರೆ ನಾನು ಹುಟ್ಟಿದಾಗಿನಿಂದ ಗದ್ದೆಯ ಕೆಸರು ಮೆಟ್ಟಿದವನಲ್ಲ. ಹಾಗಾಗಿ ಇದು ಕೆಸರುಹುಣ್ಣಾಗಿರಲು ಸಾಧ್ಯವಿಲ್ಲ ಎಂದು ನಾನೂ ಅವ್ವನೂ ಯೋಚನೆಯನ್ನೇ ಮಾಡದೆ ತೀರ್ಮಾನಿಸಿಬಿಟ್ಟೆವು. ಜನ ಹಣೆಯಿಟ್ಟು ನಮಸ್ಕರಿಸುವ ಕಾಲು. ಅದಕ್ಕೆ ಬಂದರೆ ದೊಡ್ಡ ರೋಗವೇ ಬರಬೇಕಲ್ಲ.

ಅವ್ವನಿಗೆ ತಿಳಿದಿದ್ದ ಔಷಧ ಒಂದೇ, ಇನ್ನಷ್ಟು ತೊಳೆಯುವುದು. ಕಾಯಿಸಿದ ನೀರಿಗೆ ಬೇವು, ಅರಿಸಿನ ಹಾಕಿ ಬೆಳಿಗ್ಗೆ ಸಂಜೆ ಒಂದೊಂದು ಗಳಿಗೆ ಅದರಲ್ಲಿ ಕಾಲು ಇಳಿಬಿಡಿಸಿ ಕೂರಿಸಿದಳು. ಹುಣ್ಣು ಎಡಗಾಲಿಗೂ ದಾಟಿತು. ಅಂಗಾಲಿನ ಅಂಚಿನಲ್ಲಿ ಬಿಳಿ ಹೊಟ್ಟು ಏಳತೊಡಗಿತು. ಹೀಗೇ ವರ್ಷ ಕಳೆದು, ಜ್ಯೇಷ್ಠದ ಒಂದು ಬೆಳಿಗ್ಗೆ ಅವ್ವ ನನ್ನ ಕಾಲನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಕೈ ಹಿಂದಕ್ಕೆ ಸರಿಯಿತು.

"ನಿಮ್ಮ ಚಿಕ್ಕಜ್ಜಂಗೂ ಕಾಲಿಂದ್ಲೇ ಸುರುವಾಗಿತ್ತು ಕಣಪ್ಪ," ಅಂದಳು.

ಚಿಕ್ಕಜ್ಜನ ಕಥೆ ನನಗೆ ಗೊತ್ತಿತ್ತು. ಕುಷ್ಠವೆಂದು ಗೊತ್ತಾದ ಮೇಲೆ ತೆಂಗಿನ ತೋಟದ ಮೂಲೆಯಲ್ಲಿ ಗುಡಿಸಲು ಹಾಕಿ ಇಟ್ಟಿದ್ದರಂತೆ. ಅನ್ನದ ತಟ್ಟೆಯನ್ನು ಗಳುವಿನಿಂದ ತಳ್ಳುತ್ತಿದ್ದರಂತೆ. ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅದೆಲ್ಲ ಒಂದು ಕ್ಷಣ ಕಣ್ಣ ಮುಂದೆ ಬಂದು ಹೋಯಿತು. ನಾನು ಅಳುತ್ತೇನೆ, ಇಲ್ಲವೇ ಕೂಗಾಡುತ್ತೇನೆ ಎಂದು ಅವ್ವ ಕಾದಳು. ನಾನು ಹೂಂ ಎಂದು ಪಂಚೆ ಇಳಿಬಿಟ್ಟುಕೊಂಡು ಎದ್ದು ಹೋದೆ. ಆ ಹೊತ್ತಿನಿಂದ ನನ್ನೊಳಗೆ ಏನೋ ನಿಂತುಹೋಯಿತು. ಹೆದರಿಕೆ ಅಂತಲೂ ಹೇಳಲಾರೆ. ಹೆದರಿದ್ದರೆ ಒಳ್ಳೆಯದಿತ್ತು, ಯಾರ ಹತ್ತಿರವಾದರೂ ಓಡುತ್ತಿದ್ದೆ.

ನನ್ನ ಚಾಪೆ, ತಂಬಿಗೆ, ತಟ್ಟೆ ಬೇರೆಯಾದವು. ಅವು ಒಂದು ದಿನ ಬೇರೆ ಗೂಡಿನಲ್ಲಿ ಇದ್ದವು ಅಷ್ಟೆ. ನನ್ನ ಹೆಂಡತಿ ಗಿರಿಜೆಯ ತವರು ಸಿಂಗಟಗೆರೆ. ನಮ್ಮ ಮದುವೆಯಾಗಿ ಮೂರು ವರ್ಷವಾಗಿತ್ತು. ಹೊಸ ಸೊಸೆಯನ್ನು ಮೊದಲ ಆಷಾಢಕ್ಕೆ ತವರಿಗೆ ಕಳಿಸುವುದು ವಾಡಿಕೆ, ಮೂರನೆಯ ವರ್ಷ ಯಾರೂ ಕಳಿಸುವುದಿಲ್ಲ. ಅವ್ವ ಕಳಿಸಿದಳು. ಕೇಳಿದವರಿಗೆಲ್ಲ ಆಷಾಢ ಎಂದಳು. ಗಾಡಿ ಬಂದು ನಿಂತಾಗ ಗಿರಿಜೆ ಗಂಟು ಹಿಡಿದುಕೊಂಡು ನಡುಮನೆಯ ಬಾಗಿಲಲ್ಲಿ ನಿಂತಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನಿಂತಳು. ನಾನು ಪಂಚಾಂಗ ಬಿಡಿಸಿಕೊಂಡು ಯಾರದೋ ಮನೆಯ ಗೃಹಪ್ರವೇಶಕ್ಕೆ ದಿನ ನೋಡುತ್ತಿದ್ದೆ. ಗಾಡಿ ಹೋದ ಸದ್ದು ಕೇಳಿತು. ಹಾಳೆ ಮಗುಚಿದೆ.

ಶ್ರಾವಣ ಬಂತು. ಆಷಾಢ ಮುಗಿದರೂ ಅವಳನ್ನು ಕರೆಸುವ ಮಾತು ಮನೆಯಲ್ಲಿ ಏಳಲಿಲ್ಲ. ನಾನು ಭಕ್ತರ ಮನೆಗಳಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ, ಹೇಳಬೇಕಾಗುತ್ತದೆ. ಹೊರಡುವ ಮೊದಲು ಬೆರಳ ಸಂದಿಗಳಿಗೆಲ್ಲ ವಿಭೂತಿ ತುಂಬಿಕೊಳ್ಳುತ್ತಿದ್ದೆ. ಈ ಅಯ್ಯನೋರು ಎಷ್ಟು ನಿಷ್ಠರು, ಉಗುರಿನ ಸಂದಿಗೂ ವಿಭೂತಿ ಹಚ್ಚುತ್ತಾರೆ ಎಂದು ಹೆಂಗಸರು ಹೊಗಳಿದ್ದು ಕಿವಿಗೆ ಬಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಭಾದ್ರಪದದಲ್ಲಿ ಒಂದು ಸೋಮವಾರ ಶಿವನಿಯ ಧಾನ್ಯದ ವ್ಯಾಪಾರಿಯೊಬ್ಬರ ಮನೆಯಲ್ಲಿ ಕೂತಿದ್ದೆ. ಅವರ ಸೊಸೆ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ನನ್ನ ಕಾಲಿನ ನೀರಿಗೆ ಬೆರಳದ್ದಿ ಕೂಸಿನ ನಾಲಿಗೆಗೆ ಮುಟ್ಟಿಸಿದಳು. ಕೂಸು ಚಪ್ಪರಿಸಿತು. ಅವ್ವ ಅಂದುಕೊಂಡ ರೋಗವೇ ನನಗೆ ಇದ್ದಿದ್ದರೆ ನಾನು ಆಗ ಆ ಕೂಸಿಗೆ ಏನು ಕೊಟ್ಟೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎದೆ ಹೊಡೆದುಕೊಳ್ಳಲಿಲ್ಲ. ಕೈಯೆತ್ತಿ ಹರಸಿದೆ. ದಾರಿಯಲ್ಲಿ ಬರುವಾಗ, ನಾನು ಇಂಥವನಾದೆನಲ್ಲ ಎಂದು ಮೊದಲ ಸಲ ಅನ್ನಿಸಿತು. ಕುಷ್ಠಕ್ಕಿಂತ ಅದೇ ಕೆಟ್ಟದಾಗಿ ಕಂಡಿತು. ಮರುದಿನ ಬೆಳಗಿನ ರೈಲಿಗೆ ಹೊರಟೆ.

ಅಜ್ಜಂಪುರದಲ್ಲೇ ತೋರಿಸಬಹುದಿತ್ತು. ಆದರೆ ಅಲ್ಲಿ ಪ್ರತಿ ಬೀದಿಯಲ್ಲೂ ನಮ್ಮ ಭಕ್ತರ ಮನೆ. ಕಡೂರಿನಲ್ಲಿ ಮಾವನ ಕಡೆಯವರು ಸಂತೆಗೆ ಬರುತ್ತಾರೆ. ತರೀಕೆರೆಯಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ. ಬೀರೂರಿನಲ್ಲಿ ರೈಲು ಬದಲಾಯಿಸಿ ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆ ಸೇರಿದೆ.

ಆಸ್ಪತ್ರೆಯ ಜಗಲಿಯ ತುಂಬ ಚಳಿಜ್ವರದವರು. ಲಕ್ಕವಳ್ಳಿ ಕಾಡಿನ ಕಡೆಯಿಂದ ಬಂದವರು, ಹೊಟ್ಟೆಯಲ್ಲಿ ಗಡ್ಡೆ ಕಟ್ಟಿಕೊಂಡವರು, ಕಂಬಳಿ ಹೊದ್ದು ನಡುಗುವವರು. ನಾನು ಕಾವಿ ಶಲ್ಯವನ್ನು ಜೋಳಿಗೆಯೊಳಗೆ ತುರುಕಿ, ಬರೀ ಪಂಚೆಯಲ್ಲಿ ಒಂದು ಮೂಲೆಯಲ್ಲಿ ಕೂತೆ. ಪಕ್ಕದಲ್ಲಿದ್ದ ಮರ ಕೊಯ್ಯುವ ಕೆಲಸದ ಸಾಬರೊಬ್ಬರು ಸರಿದು ಜಾಗ ಕೊಟ್ಟರು. ಸ್ವಲ್ಪ ಹೊತ್ತಿಗೆ ಅವರಿಗೆ ಚಳಿ ಹೆಚ್ಚಾಗಿ, ತಲೆ ವಾಲಿ ನನ್ನ ಭುಜದ ಮೇಲೆ ಬಿತ್ತು. ಅವರನ್ನು ಎಬ್ಬಿಸಿ ನನ್ನ ಕಾಯಿಲೆ ಹೀಗೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಎರಡು ತಿಂಗಳಾಗಿತ್ತು, ಪೂಜೆಗಲ್ಲದೆ ಬೇರೆ ಯಾತಕ್ಕೂ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಆ ಜ್ವರದ ಬಿಸಿ ಹಿತವಾಗಿತ್ತು. ಕಾಂಪೌಂಡರು ಹೆಸರು ಕೂಗುವವರೆಗೂ ಅಲ್ಲಾಡದೆ ಕೂತೆ.

ಡಾಕ್ಟರು ಬೆಂಗಳೂರಿನ ಕಡೆಯವರು, ನಡುವಯಸ್ಸು, ಮಾತು ಕಡಿಮೆ. ಕಾಲು ನೋಡಿದರು. ನಾನು ರೋಗದ ಹೆಸರನ್ನು ನಾನಾಗಿಯೇ ಹೇಳಿಬಿಟ್ಟೆ. ಅವರು ಮೇಜಿನ ಮೇಲಿದ್ದ ಒಂದು ಪುಕ್ಕ ತೆಗೆದುಕೊಂಡು, ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ ಜಾಗ ಹೇಳಿ ಎಂದರು. ಅದು ಯಾವ ಹಕ್ಕಿಯದು ಎಂದು ಕೇಳುವ ಧೈರ್ಯವಾಗಲಿಲ್ಲ, ಕೋಳಿಯದು ಎಂದು ಹೇಳಿಬಿಟ್ಟರೆ ಮತ್ತೆ ಸ್ನಾನ. ಹೆಬ್ಬೆರಳು, ಪಾದದ ಮೇಲೆ, ಹಿಮ್ಮಡಿ, ಬೆರಳ ಸಂದಿ ಎಂದು ಒಂದೊಂದಾಗಿ ಹೇಳುತ್ತಾ ಹೋದೆ. ಆಮೇಲೆ ಸೂಜಿಯ ಮೊನೆ. ಎಲ್ಲ ಕಡೆಯೂ ಚುಚ್ಚಿತು, ಎಲ್ಲ ಕಡೆಯೂ ಹಾ ಎಂದೆ.

"ಕುಷ್ಠ ಬಂದ ಜಾಗಕ್ಕೆ ಸ್ಪರ್ಶ ಇರೋದಿಲ್ಲ," ಎಂದರು ಡಾಕ್ಟರು. "ನಿಮ್ಮ ಕಾಲಿಗೆ ಎಲ್ಲಾ ಗೊತ್ತಾಗ್ತಾ ಇದೆ. ಇದು ಬೂಷ್ಟು. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದ್ರೆ ಬರುತ್ತಲ್ಲ, ಆ ಜಾತಿ. ಗದ್ದೆ ಕೆಲಸ ಮಾಡ್ತೀರಾ?"

ಇಲ್ಲ ಎಂದೆ. ಅಗಸರ ಕೆಲಸವೇ, ಮೀನು ಹಿಡಿಯುವುದೇ ಎಂದು ಕೇಳಿದರು. ಅದೂ ಅಲ್ಲ ಎಂದೆ. ಹಾಗಾದರೆ ಕಾಲು ದಿನವಿಡೀ ಒದ್ದೆಯಾಗಿರಲು ಕಾರಣವೇನು ಎಂದಾಗ ಜೋಳಿಗೆಯಿಂದ ಕಾವಿ ಶಲ್ಯ ತೆಗೆದು ಹೆಗಲಿಗೆ ಹಾಕಿಕೊಂಡು, ನಾನು ಇಂಥವನು ಎಂದು ಹೇಳಿದೆ. ಪಾದೋದಕದ ವಿಷಯವನ್ನೂ ಹೇಳಿದೆ. ಅವರು ಲೇಖನಿ ಕೆಳಗಿಟ್ಟರು. ಎಷ್ಟು ಮನೆ ಎಂದು ಕೇಳಿದರು. ಹೇಳಿದೆ. ನಗುತ್ತಾರೇನೋ ಎಂದುಕೊಂಡಿದ್ದೆ, ನಗಲಿಲ್ಲ. ಕುಡಿದವರಿಗೆ ಏನೂ ಆಗಿರಲಾರದು, ಆದರೆ ಹುಣ್ಣು ಮಾಯುವವರೆಗೆ ಇನ್ನು ಬೇಡ ಎಂದರು. ಮೂರು ತಿಂಗಳು ಸ್ನಾನಕ್ಕಲ್ಲದೆ ಕಾಲಿಗೆ ನೀರು ತಾಕಿಸಬಾರದು. ಸ್ನಾನವಾದ ಕೂಡಲೇ ಪ್ರತಿಯೊಂದು ಬೆರಳ ಸಂದಿಯನ್ನೂ ಒಣಬಟ್ಟೆಯಿಂದ ಒರೆಸಬೇಕು. ಆ ಬಟ್ಟೆಯನ್ನು ಬೇರೆಯವರು ಮುಟ್ಟಬಾರದು, ಕುದಿಸಿ ಬಿಸಿಲಿಗೆ ಹಾಕಬೇಕು. ಬೆರಳುಗಳ ನಡುವೆ ಗಾಳಿ ಆಡಬೇಕು. ಮುಲಾಮನ್ನು ಯಾವುದರಲ್ಲಿ ಕಲೆಸುತ್ತಾರೆ, ಪ್ರಾಣಿಯ ಕೊಬ್ಬೇ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ ಅವರು ಕಾಂಪೌಂಡರನ್ನು ಕರೆದು, ಅಯ್ಯನವರ ಮುಂದೆಯೇ ತೆಂಗಿನೆಣ್ಣೆಯಲ್ಲಿ ಕಲೆಸಿಕೊಡು ಎಂದರು. ಆ ಒಂದು ಮಾತಿಗೆ ನಾನು ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಕುಷ್ಠವಲ್ಲ ಎಂದು ಗೊತ್ತಾದ ಮೇಲೆ ಕುಣಿಯುತ್ತಾ ಬಂದೆ ಎಂದು ಬರೆಯಬೇಕು. ಹಾಗೇನೂ ಆಗಲಿಲ್ಲ. ಬೀರೂರಿನಲ್ಲಿ ರೈಲಿಗೆ ಕಾಯುತ್ತಾ, ಮುಲಾಮಿನ ಡಬ್ಬಿ ಹಿಡಿದುಕೊಂಡು, ನೂಕಿದರೆ ಬಿದ್ದುಹೋಗುವವನಂತೆ ನಿಂತಿದ್ದೆ. ಸೂಜಿ ಚುಚ್ಚಿದ್ದು ಕಾಲಿಗೆ ಗೊತ್ತಾಗಿತ್ತು, ಒಳ್ಳೆಯ ಸುದ್ದಿ ಮನಸ್ಸಿಗೆ ಗೊತ್ತಾಗಲಿಲ್ಲ.

ಅವ್ವ ಗೊತ್ತುಮಾಡಿಕೊಂಡಳು. ಬೂಷ್ಟು ಎಂದು ಕೇಳಿದ ಕೂಡಲೇ ಗೋಡೆಗೆ ಒರಗಿ ಕೂತು ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಹೊರಗೆ ಯಾರಿಗೂ ಹೇಳಬೇಡ ಎಂದಳು. ಹೇಳಲೇಬೇಕು, ಮೂರು ತಿಂಗಳು ಪಾದಪೂಜೆ ಇಲ್ಲ ಎಂದು ನಾನು ಅಂದಾಗ ಎದ್ದು ಕೋಣೆಗೆ ಹೋದಳು. ಆಮೇಲೆ ಪೆಟ್ಟಿಗೆಯಿಂದ ಅಪ್ಪನ ಮರದ ಹಾವುಗೆ ತೆಗೆದು, ಅದನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗು, ಜನ ಅದಕ್ಕೇ ನೀರು ಬಿಡಲಿ ಎಂದಳು. ಜನ ಹಾಗೇ ಮಾಡಿದರು. ಕಾಲಿಗೆ ಹುಣ್ಣಾಗಿದೆ ಎಂದು ನಾನು ಹನ್ನೊಂದು ಮನೆಯಲ್ಲೂ ಹೇಳಿದೆ. ಶಿವನಿಯ ಆ ಸೊಸೆಯ ಮನೆಯಲ್ಲಿ ಮೊದಲು ಹೇಳಿದೆ. ಭೂಮಿಯೇನೂ ಬಾಯಿಬಿಡಲಿಲ್ಲ. ಎರಡು ಮನೆಯವರು ಮುಖ ತಿರುಗಿಸಿದರು, ಮಿಕ್ಕವರು ಮದರಂಗಿ ಸೊಪ್ಪು ಕೊಟ್ಟು ಕಳಿಸಿದರು.

ಗಿರಿಜೆಯನ್ನು ಕರೆತರಲು ನಾನೇ ಹೊರಟೆ. ಕಡೂರಿನಲ್ಲಿ ಇಳಿದು, ಸಂತೆಯಿಂದ ಹಿಂತಿರುಗುವ ಗಾಡಿ ಹತ್ತಿ ಸಿಂಗಟಗೆರೆ ಸೇರಿದಾಗ ಹೊತ್ತು ಇಳಿಯುತ್ತಿತ್ತು. ಅಳಿಯ ಬಂದರೆ ಬಾಗಿಲಲ್ಲಿ ಕಾಲಿಗೆ ನೀರು ಕೊಡುವುದು ಎಲ್ಲ ಕಡೆಯ ಪದ್ಧತಿ. ಗಿರಿಜೆ ತಂಬಿಗೆ ಹಿಡಿದು ಬಂದಳು. ಸೊರಗಿದ್ದಳು. ಮಾವ ಒಳಗಿನಿಂದ ಎದ್ದು ಬಂದು ಕಂಬಕ್ಕೆ ಆನಿಕೊಂಡು ನಿಂತರು. ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿತ್ತು, ಬೇರೇನೂ ಇರಲಿಲ್ಲ.

"ನೀರು ಬೇಡ," ಎಂದೆ.

ಮಾವನ ಮನೆಗೆ ಬಂದ ಅಳಿಯ ಬಾಗಿಲಲ್ಲಿ ನೀರು ಬೇಡ ಎಂದರೆ ಒಳಗೆ ಕಾಲಿಡುವುದಿಲ್ಲ, ಋಣ ಹರಿಯಿತು ಎಂದು ಅರ್ಥ. ಅದು ನನ್ನ ಬಾಯಿಂದ ಬಿದ್ದ ಮೇಲೆ ನೆನಪಾಯಿತು. ಮಾವ ಕಣ್ಣು ಕೆಳಗೆ ಹಾಕಿದರು. ಒಳಗೆ ಅತ್ತೆಯ ಒನಕೆ ನಿಂತಿತು. ಗಿರಿಜೆ ಮಾತ್ರ ಕದಲಲಿಲ್ಲ, ತಂಬಿಗೆಯ ನೀರು ತುಳುಕಲಿಲ್ಲ. ಅಂಥ ಹೊತ್ತಿನಲ್ಲಿ ಸುಮ್ಮನಿರುವುದು ನನಗೆ ಅಭ್ಯಾಸವಾಗಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಅವಳು ಒಳಗೆ ಹೋಗಿಬಿಡುತ್ತಿದ್ದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು, ಕಾಲು ಮುಂದೆ ಚಾಚಿ, ಡಾಕ್ಟರು, ಪುಕ್ಕ, ಸೂಜಿ, ಬೂಷ್ಟು, ಮೂರು ತಿಂಗಳು ನೀರು ತಾಕಿಸಬಾರದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಮಾವನ ಕಡೆಯಿಂದ ದೊಡ್ಡ ನಿಟ್ಟುಸಿರು ಕೇಳಿಸಿತು. ಗಿರಿಜೆ ನನ್ನ ಕಾಲು ನೋಡಿದಳು.

"ಕೆಸರುಹುಣ್ಣು," ಅಂದಳು. "ನಮ್ಮಪ್ಪಂಗೆ ವರ್ಷಾ ವರ್ಷಾ ಆಯ್ತದೆ. ಕೆರೆ ಕೆಳಗೆ ಗೇಯ್ದವ್ರಿಗೆಲ್ಲಾ ಆಯ್ತದೆ. ನಾನು ಅತ್ತೇರಿಗೆ ಅವತ್ತೇ ಹೇಳಿದ್ದೆ. ಅಯ್ನೋರ ಕಾಲಿಗೆ ಕೆಸರುಹುಣ್ಣು ಅಂತೀಯಾ ಅಂತ ನನ್ ಬಾಯಿ ಮುಚ್ಚಿಸಿದ್ರು. ನೀವೂ ಅಲ್ಲೇ ಕೂತಿದ್ರಿ."

ನನಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ನೆನಪಾಗಲಿಲ್ಲ, ಇವತ್ತಿಗೂ ಇಲ್ಲ. ನಾನು ಅಲ್ಲೇ ಕೂತಿದ್ದೆ, ಅವಳು ಹೇಳಿದಳು, ನನಗೆ ಕೇಳಿಸಲಿಲ್ಲ. ಆಗ ಒಳಗೆ ನಿಂತುಹೋಗಿದ್ದದ್ದು ಒಮ್ಮೆಲೇ ಕದಲಿತು. ಎದೆಯಲ್ಲಿ ನಿಜವಾಗಿ ನೋವಾಯಿತು. ಮಾವನ ಎದುರಿಗೆ, ಬೀದಿಯ ಬಾಗಿಲಲ್ಲಿ, ಶಲ್ಯದಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಿನ್ನನ್ನು ಕಳಿಸಬಾರದಿತ್ತು, ಇರು ಎಂದು ಒಂದು ಮಾತು ಹೇಳಬೇಕಿತ್ತು ಎಂದೆ.

ಗಿರಿಜೆ ತಂಬಿಗೆಯ ನೀರನ್ನು ಅಂಗಳದ ತೆಂಗಿನ ಬುಡಕ್ಕೆ ಸುರಿದು ಬಂದಳು.

"ಹುಣ್ಣು ವಾಸಿಯಾಗಾಕೆ ಎಷ್ಟು ದಿನ ಅಂದ್ರು?"

"ಮೂರು ತಿಂಗ್ಳು."

"ನಂಗೂ ಅಷ್ಟು ದಿನ ಬೇಕು," ಅಂದಳು. ಕೋಪದಿಂದಲ್ಲ, ದಿನಸಿ ಪಟ್ಟಿ ಹೇಳುವವಳಂತೆ ಅಂದಳು. ಊಟಕ್ಕೆ ಬಡಿಸಿದಳು, ನನ್ನ ತಟ್ಟೆಯನ್ನು ಬೇರೆ ಮಾಡಲಿಲ್ಲ. ಬೆಳಿಗ್ಗೆ ನಾನೊಬ್ಬನೇ ಕಡೂರಿನ ಗಾಡಿ ಹತ್ತಿದೆ.

ಆ ಮೂರು ತಿಂಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ದಿನಕ್ಕೆ ಎರಡು ಸಲ ಮುಲಾಮು. ಸ್ನಾನವಾದ ಮೇಲೆ ಬೆರಳು ಬೆರಳಿನ ನಡುವೆ ಒರೆಸುವಾಗ ಮೊದಮೊದಲು ಪಾಪ ಮಾಡಿದಂತೆ ಅನ್ನಿಸುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಸಂದಿಗಳಲ್ಲಿ ಹತ್ತಿಯ ಎಳೆ ಇಟ್ಟುಕೊಂಡು ಬಿಸಿಲಲ್ಲಿ ಕೂರುತ್ತಿದ್ದೆ. ಹದಿನೈದು ದಿನಕ್ಕೆ ತುರಿಕೆ ನಿಂತಿತು, ವಾಸಿಯಾಯಿತೆಂದು ಮುಲಾಮು ಬಿಟ್ಟೆ. ವಾರದಲ್ಲಿ ಮತ್ತೆ ಬಂತು. ಓದುವವರು ಆ ತಪ್ಪು ಮಾಡಬೇಡಿ. ಕಾಲಿಗಿಂತ ಮನಸ್ಸು ನಿಧಾನ. ಕೆಲವು ದಿನ ಅವಳ ನೆನಪು ಬಂದರೆ ಉಣ್ಣಲಾಗುತ್ತಿರಲಿಲ್ಲ. ಇನ್ನು ಕೆಲವು ದಿನ ಮೊದಲಿನಂತೆಯೇ ಏನೂ ಇಲ್ಲ, ಬರೀ ಕೂತಿರುವುದು. ಅವ್ವ ಒಂದು ದಿನ ತಾನಾಗಿ ನನ್ನ ತಟ್ಟೆಯನ್ನು ಹಳೆಯ ಜಾಗಕ್ಕೆ ಇಟ್ಟಳು. ನನ್ನನ್ನು ನೋಡಲಿಲ್ಲ. ಆ ಹುಡುಗಿ ಹೇಳಿದ್ದು ನಂಗೆ ನೆನಪೈತೆ ಎಂದಷ್ಟೇ ಅಂದಳು.

ಪುಷ್ಯದ ಒಂದು ಬೆಳಿಗ್ಗೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಮಾವನ ಗಾಡಿ ಬಂದು ನಿಂತಿತು. ಗಿರಿಜೆ ಇಳಿದು ಬಂದು, ಗಂಟನ್ನು ಜಗಲಿಯ ಮೇಲಿಟ್ಟು ನನ್ನೆದುರಿಗೆ ನಿಂತಳು. ಏನು ಹೇಳಬೇಕೆಂದು ಎಷ್ಟೋ ಸಲ ಯೋಚಿಸಿಟ್ಟುಕೊಂಡಿದ್ದೆ. ಅದನ್ನೆಲ್ಲ ಬಿಟ್ಟು ಬೆರಳು ಬಿಡಿಸಿ ಕಾಲು ಮುಂದೆ ಮಾಡಿದೆ.

"ವಾಸಿಯಾಗೈತಾ, ನೀನೇ ನೋಡಿ ಹೇಳು," ಎಂದೆ.

ಕುಕ್ಕರುಗಾಲಲ್ಲಿ ಕೂತು ನನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಕಿರುಬೆರಳಿನಿಂದ ಹಿಡಿದು ಒಂದೊಂದೇ ಬೆರಳು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದಳು. ಕಚಗುಳಿಯಾಗಿ ನಾನು ಕಾಲು ಎಳೆದುಕೊಂಡೆ. ಅಲ್ಲಾಡ್ಬೇಡಿ ಎಂದು ಬೈದು ಮತ್ತೆ ಹಿಡಿದಳು.

"ಒಣಗಿದಂಗೆ ಕಾಣ್ತದೆ. ಆದ್ರೂ ಇನ್ನ ಹದಿನೈದು ದಿನ ಹಚ್ಬೇಕು," ಅಂದಳು. "ಡಬ್ಬಿ ಎಲ್ಲಿಟ್ಟಿದೀರಿ?"

ನಾನು ಹೇಳುವ ಮೊದಲೇ ಎದ್ದು ಒಳಗೆ ಹೋದಳು. ಅವಳ ಗಂಟು ಜಗಲಿಯ ಮೇಲೆಯೇ ಇತ್ತು. ಅದನ್ನು ಎತ್ತಿಕೊಂಡು ಅವಳ ಹಿಂದೆ ಒಳಗೆ ಹೋದೆ.